ಕೌಂಟರಿನ ಮೇಡಂ ಸಾರ್

ವಿಮಾನ ತಡವಾದಾಗಲೆಲ್ಲ ಕಂಪನಿಯವರು ಕೌಂಟರಿಗೆ ತಂದು ನಿಲ್ಲಿಸುವುದು ಈ ಮನುಷ್ಯನನ್ನೇ ಇರಬೇಕು ಎಂದು ಬೆಳಿಗ್ಗೆ ಎಂಟರಿಂದ ಕಾಯುತ್ತಿದ್ದ ಟೈಲರಮ್ಮನಿಗೆ ಅನ್ನಿಸಿತು. ಅವಳ ತಮ್ಮನಿಗೆ ಸಂಜೆ ಐದಕ್ಕೆ ಆಪರೇಷನ್. ಅದಕ್ಕೆ ಮುಂಚೆ ಒಮ್ಮೆ ಅವನ ಕೈ ಹಿಡಿದು ಮಾತಾಡಿಸಬೇಕಿತ್ತು. ಇವನೋ, ಯಾರು ಏನು ಕೇಳಿದರೂ ಕೀಲಿಮಣೆಯನ್ನು ಟಕಟಕ ಕುಟ್ಟಿ, ಪರದೆ ನೋಡಿ ಹುಬ್ಬೇರಿಸಿ, "ಇನ್ನೇನು ಬಂದ್ಬಿಡುತ್ತೆ ಮೇಡಂ" ಎನ್ನುತ್ತಿದ್ದ. ಮೀಸೆ ಹೊತ್ತವರಿಗೂ ಮೇಡಂ ಎಂದೇ ಹೇಳಿ, ಆಮೇಲೆ "ಸಾರಿ ಸಾರ್" ಎನ್ನುತ್ತಿದ್ದ. ದೂರು ಕೊಡುತ್ತೇವೆಂದವರಿಗೆ ಫಾರಂ ಕೊಡುತ್ತಿದ್ದ, ಪೆನ್ನು ಕೊಡುತ್ತಿರಲಿಲ್ಲ. ಹೆಸರು ಕೇಳಿದರೆ ಎದೆಯ ಮೇಲಿನ ಹೆಸರಿನ ಬಿಲ್ಲೆ ಮೆಲ್ಲಗೆ ಟೈ ಹಿಂದೆ ಸರಿಯುತ್ತಿತ್ತು. ಮ್ಯಾನೇಜರನ್ನು ಕರೆಯಿರಿ ಎಂದರೆ ಒಳಗೆ ಹೋಗಿ ನೀರು ಕುಡಿದು, ಬಾಯಿ ಒರೆಸಿಕೊಳ್ಳುತ್ತ ಬಂದು, "ಮೀಟಿಂಗಲ್ಲಿದ್ದಾರೆ" ಎನ್ನುತ್ತಿದ್ದ. ಮಧ್ಯಾಹ್ನ ಒಂದಾಗುವ ಹೊತ್ತಿಗೆ ಟೈಲರಮ್ಮನ ಪಿತ್ತ ನೆತ್ತಿಗೇರಿತು. ಕೌಂಟರಿನ ಮೇಲೆ ಎರಡೂ ಕೈ ಊರಿ, "ಆಸ್ಪತ್ರೇಲಿರೋನು ನಿಮ್ಮ ತಮ್ಮ ಆಗಿದ್ರೂ ನಿಮ್ಮಕ್ಕಂಗೆ ಹೀಗೇ ಹೇಳ್ತಿದ್ರಾ?" ಎಂದಳು. ಅವನ ಬೆರಳುಗಳು ನಿಂತವು. ಅತ್ತಿತ್ತ ನೋಡಿ, ತುಟಿ ಅಲುಗದಂತೆ, "ಬಸ್ ಹಿಡೀರಿ ಅಕ್ಕ. ಇವತ್ತು ವಿಮಾನ ಬರಲ್ಲ" ಎಂದ. "ಯಾವಾಗ ಗೊತ್ತಾಯ್ತು ನಿಮಗೆ?" "ಎಂಟು ಗಂಟೆಗೆ. ಹೇಳ್ಬಾರ್ದು ಅಂತ ಮೇಲಿನವರ ಆರ್ಡರ್." ಅವನ ಟೈ ಹಿಡಿದು ಎಳೆಯಬೇಕೆನ್ನಿಸಿತು ಅವಳಿಗೆ. ಬದಲಿಗೆ ಸಾಲಿನ ಕಡೆ ತಿರುಗಿ, ಯಾರು ಹೇಳಿದ್ದೆಂದು ಬಾಯಿ ಬಿಡದೆ, "ವಿಮಾನ ಬರಲ್ವಂತೆ, ಎಲ್ರೂ ಬಸ್ಸಿಗೆ ನಡೀರಿ" ಎಂದು ಕೂಗಿ ಬಾಗಿಲತ್ತ ಓಡಿದಳು. ಅವಳು ಆಸ್ಪತ್ರೆ ಮುಟ್ಟಿದಾಗ ಐದೂವರೆ. ತಮ್ಮನನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಯಾಗಿತ್ತು. ಹೊರಗಿನ ಬೆಂಚಿನ ಮೇಲೆ ಅವನ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ತಮ್ಮನ ಹೆಂಡತಿ, "ಅಕ್ಕ ಬಂದ್ಲಾ ಅಂತ ಕೇಳ್ತಾನೇ ಹೋದ್ರು" ಎಂದಳು.