ಒಣಗಿದ ಅಂಗಿ ಕಂಡರೆ ಓಡಿಬರುವ ನೀರಕ್ಕ

ಬೆಳಗಿನ ಐದಕ್ಕೆ ಡಾಂಬರು ಕಾಯಿಸುವ ಒಲೆ ಹೊತ್ತಿಕೊಳ್ಳುವ ಮೊದಲೇ ನೀರಕ್ಕನ ಎರಡು ನೀಲಿ ಡ್ರಮ್ಮುಗಳು ತುಂಬಿರುತ್ತವೆ. ಅವುಗಳ ಮೈಗೆ ಒದ್ದೆ ಗೋಣಿಚೀಲ ಸುತ್ತಿ, ಹುರಿಯಿಂದ ಬಿಗಿದು, ಕೈಗಾಡಿ ತಳ್ಳುತ್ತಾ ಅವರು ಹೊರಡುತ್ತಾರೆ. ರಸ್ತೆ ಹಾಕುವ ಹದಿನೆಂಟು ಮಂದಿಗೆ ನೀರು ಕುಡಿಸುವುದು ಐವತ್ತೆರಡರ ಈ ಹೆಂಗಸಿನ ಕೆಲಸ. ಹಾಜರಿ ಪುಸ್ತಕದಲ್ಲಿ ಆ ಕೆಲಸಕ್ಕೊಂದು ಹೆಸರಿಲ್ಲ. ‘ಇತರೆ’ ಎಂದಷ್ಟೇ ಬರೆದಿದೆ.

“ಬಾಯಾರಿದ ಮೇಲೆ ಕುಡಿದ್ರೆ ತಡವಾಯ್ತು ಅಂತಾನೇ ಲೆಕ್ಕ,” ಎನ್ನುತ್ತಾ ಚೊಂಬು ಹಿಡಿದು ಒಬ್ಬೊಬ್ಬರ ಬೆನ್ನನ್ನೂ ದಿಟ್ಟಿಸುತ್ತಾರೆ. ಇಪ್ಪತ್ತು ನಿಮಿಷಕ್ಕೊಂದು ಸುತ್ತು, ದಿನಕ್ಕೆ ನೂರೈವತ್ತು ಲೀಟರ್. ಅಂಗಿ ತೊಯ್ದಿದ್ದರೆ ಚೊಂಬು ಕೊಟ್ಟು ಮುಂದಕ್ಕೆ. ಒಣಗಿದ್ದರೆ ಸಲಿಕೆ ಕಸಿದುಕೊಂಡು ಆಳನ್ನೇ ನೆರಳಿಗೆ ಎಳೆದೊಯ್ಯುತ್ತಾರೆ.

ನಾಲ್ಕು ಬೇಸಿಗೆಯ ಹಿಂದೆ ಅವರ ತಮ್ಮ ಇದೇ ತಂಡದಲ್ಲಿ ಜಲ್ಲಿ ಹರಡುತ್ತಿದ್ದ. “ಎಲ್ಲರೂ ಬೆವರಲ್ಲಿ ಬೇಯ್ತಿದ್ರು. ಇವನ ಅಂಗಿ ಒಣಗಿತ್ತು. ಇವನೊಬ್ಬ ಆರಾಮಾಗಿದಾನೆ ಅಂದ್ಕೊಂಡು ಚೊಂಬನ್ನ ಪಕ್ಕದವನಿಗೆ ಕೊಟ್ಟೆ. ಬೆವರೋಕೂ ಮೈಯಲ್ಲಿ ನೀರಿರ್ಲಿಲ್ಲ ಅಂತ ಡಾಕ್ಟರು ಹೇಳಿದ ಮೇಲೇ ಗೊತ್ತಾಗಿದ್ದು.” ತಮ್ಮ ಉಳಿದ, ಕಿಡ್ನಿ ಉಳಿಯಲಿಲ್ಲ. ಈಗ ವಾರಕ್ಕೆರಡು ಸಲ ಡಯಾಲಿಸಿಸ್.

ಬಿಸಿಲಂತೂ ವರ್ಷದಿಂದ ವರ್ಷಕ್ಕೆ ಬೇಗ ಬಂದು ತಡವಾಗಿ ಹೋಗುತ್ತಿದೆ. ಮೊದಲು ಎರಡು ತಿಂಗಳು ಡ್ರಮ್ಮಿಗೆ ಸುತ್ತುತ್ತಿದ್ದ ಗೋಣಿಯನ್ನು ಈಗ ಐದು ತಿಂಗಳು ಬಿಚ್ಚುವಂತಿಲ್ಲ.

ಈ ಸಲ ಅವರ ನಿದ್ದೆ ಕೆಡಿಸಿದ್ದು ಸೊಸೆ. ತಂಡದ ಆರು ಹೆಂಗಸರಲ್ಲಿ ಅವಳೂ ಒಬ್ಬಳು. ಚೊಂಬು ಬಂದರೆ ತುಟಿ ಒದ್ದೆ ಮಾಡಿಕೊಂಡು ದಾಟಿಸಿಬಿಡುತ್ತಿದ್ದಳು.

“ಸರಿಯಾಗಿ ಕುಡಿಯೇ.”

“ಕುಡಿದು ಎಲ್ಲಿಗೆ ಹೋಗ್ಲಿ ಅತ್ತೆ? ರೋಡ್ ರೋಲರ್ ಹಿಂದಕ್ಕಾ?”

ಉರಿಮೂತ್ರ ಶುರುವಾಗಿ ಸೊಸೆಗೆ ಜ್ವರ ಏರಿದ ದಿನ ನೀರಕ್ಕ ಮೇಸ್ತ್ರಿಯ ಮುಂದೆ ನಿಂತು, ಹೆಂಗಸರಿಗೊಂದು ಮರೆ ಬೇಕೆಂದರು.

“ದಿನಾ ಮುಂದೆ ಮುಂದೆ ಹೋಗೋ ಕೆಲಸ ಅಕ್ಕಾ. ಎಲ್ಲಿ ಅಂತ ಕಟ್ಟಿಸ್ಲಿ?”

“ಡಾಂಬರಿನ ಒಲೆ ಮುಂದೆ ಹೋಗಲ್ವಾ? ಹಂಗೇ ಇದೂ ಹೋಗುತ್ತೆ.”

ನೀರಕ್ಕನೇ ಮೂಲೆಗೆ ಬಿದ್ದಿದ್ದ ಹಳೆಯ ಕೈಗಾಡಿಯ ತಳದ ಹಲಗೆ ಕಿತ್ತು, ನಾಲ್ಕು ಕಡೆ ಪೈಪು ನಿಲ್ಲಿಸಿ, ಟಾರ್ಪಾಲು ಸುತ್ತಿದರು. ಬೆಳಿಗ್ಗೆ ಗುಂಡಿ ತೋಡಿ ಮೇಲೆ ಗಾಡಿ ನಿಲ್ಲಿಸುವುದು, ಸಂಜೆ ಮಣ್ಣು ಮುಚ್ಚುವುದು. ಗಂಡಸರು ಅದಕ್ಕೆ ‘ನೀರಕ್ಕನ ಅರಮನೆ’ ಎಂದು ಹೆಸರಿಟ್ಟು ನಕ್ಕರು. “ಮೊದಲು ಕುಡೀರಪ್ಪ, ಆಮೇಲೆ ನಗ್ರಿ,” ಎಂದು ನೀರಕ್ಕ ಅವರ ಕೈಗೂ ಚೊಂಬು ತುರುಕಿದರು.

ಜ್ವರ ಇಳಿದು ಸೊಸೆ ಕೆಲಸಕ್ಕೆ ಮರಳಿ ತಿಂಗಳಾಗಿದೆ. ಹನ್ನೊಂದರ ಬಿಸಿಲಲ್ಲಿ ಅವಳು ಚೊಂಬನ್ನು ಗಟಗಟ ಬರಿದು ಮಾಡಿ ಇನ್ನೊಂದಕ್ಕೆ ಕೈಚಾಚುತ್ತಾಳೆ.

“ರಸ್ತೆ ಕೆಲಸ ನಡೆಯೋ ಕಡೆಯೆಲ್ಲ ಇಂಥದ್ದೊಂದು ಗಾಡಿ ಇದ್ರೆ ಸಾಕು, ಇನ್ನೇನು ಕೇಳ್ಲಿ?” ಎನ್ನುತ್ತಾರೆ ನೀರಕ್ಕ. ನಂತರ ದನಿ ತಗ್ಗಿಸಿ, “ಇವಳು ದಿನಕ್ಕೆ ಎಷ್ಟು ಸಲ ಮರೆಗೆ ಹೋಗ್ತಾಳೆ ಅಂತ ಎಣಿಸ್ತಿರ್ತೀನಿ. ಮಾನ ಕಳೀತೀರ ಅತ್ತೆ ಅಂತ ಬೈತಾಳೆ. ಬೈಲಿ. ಬಾಯಿ ಒಣಗಿಲ್ಲ ಅಂತಾಯ್ತಲ್ಲ.”