ಹಾಲಪ್ಪನವರ ದಮ್ಮಿನ ಔಷಧಿ

ದಮ್ಮಿನ ಔಷಧಿ ಕೇಳಿ ಬಂದವರು ಯಾರೇ ಆಗಲಿ, ಕಾಂಪೌಂಡರ್ ಹಾಲಪ್ಪನವರು ಮೊದಲು ಅವರ ಬಾಯಿ ಮೂಸುತ್ತಿದ್ದರು. ಮಹಾಯುದ್ಧ ಶುರುವಾಗಿದ್ದ ಕಾಲ. ಹೊನ್ನಾಳಿ ಸೀಮೆಯ ನಮ್ಮೂರ ದವಾಖಾನೆಗೆ ಡಾಕ್ಟರು ಬರುತ್ತಿದ್ದುದು ವಾರಕ್ಕೊಮ್ಮೆ. ಉಳಿದ ದಿನ ಇವರೇ ಎಲ್ಲ. ಒಮ್ಮೆ ಗೌಡರೇ ಸಿಕ್ಕಿಬಿದ್ದರು.

"ಬಾಯಿ ತೆಗೀರಿ ಗೌಡ್ರೆ."

"ಹಲ್ಲು ನೋಡಾಕೆ ನಾನೇನು ಸಂತೆ ಎತ್ತೇನೋ?"

"ಎತ್ತು ಹೆಂಡ ಕುಡಿಯಲ್ಲ ಬಿಡ್ರಿ. ಈ ಔಷಧಿ ಉಸಿರು ಸಲೀಸು ಮಾಡ್ತೈತೆ, ಜೊತೆಗೆ ಎದೆನೂ ಓಡಿಸ್ತೈತೆ. ಇದರ ಮೇಲೆ ಹೆಂಡ ಬಿದ್ರೆ ಅಮಲು ಏರಿದ್ದೇ ತಿಳಿಯಲ್ಲ, ಇನ್ನೊಂದು ಮೊಗೆ ಏರಿಸ್ತೀರಿ. ಎದೆ ಎಷ್ಟು ಅಂತ ತಡಿತೈತೆ?"

ಗೌಡರು ಬರಿಗೈಲಿ ಹೋದರು.

ಆಗ ಮನೆಗೆ ಔಷಧಿ ತರುವುದು ಗಂಡಸರ ಕೆಲಸ. ನಮ್ಮ ಗಂಗಮ್ಮತ್ತೆಗೆ ದಮ್ಮು ಹೆಚ್ಚಾದಾಗ ಮಾವ ಹೋಗಿ ನಿಂತರು. ನಾಲ್ಕು ಜನರೆದುರು ಹೆಂಡತಿಯ ಮಾತೆತ್ತಲು ನಾಚಿಕೆ; "ದಮ್ಮಿಗೆ ಕೊಡ್ರಿ" ಎಂದರಷ್ಟೇ. ಹಾಲಪ್ಪನವರು ಬಾಯಿ ಮೂಸಿದರು. ವಾಸನೆ ಇರಲಿಲ್ಲ. ಔಷಧಿ ಇವರಿಗೇ ಎಂದುಕೊಂಡು, ಆ ಗಟ್ಟಿ ಆಳಿಗೆ ತಕ್ಕ ಅಳತೆಯ ಗೆರೆ ಹಾಕಿದ ಕಾಗದವನ್ನು ಬಾಟಲಿಗೆ ಅಂಟಿಸಿ ಕೊಟ್ಟರು.

ಹಿಡಿಯಷ್ಟಿದ್ದ ಅತ್ತೆ ಗೆರೆ ತಪ್ಪದೆ ಕುಡಿದಳು. ಉಸಿರು ಸಲೀಸಾಯಿತು, ನಿದ್ದೆ ಹಾರಿತು, ಕೈಯಲ್ಲಿ ತಂಬಿಗೆ ನಿಲ್ಲದಾಯಿತು. ನಡುಕ ಇಳಿಯಲೆಂದು ಮಾವ ಎಲ್ಲಿಂದಲೋ ಬ್ರಾಂಡಿ ತಂದು ಕುಡಿಸಿದರು. ಮೂರನೆಯ ದಿನ ಬೆಳಿಗ್ಗೆ ಅತ್ತೆ ಎದೆ ಹಿಡಿದುಕೊಂಡು ಕುಸಿದಳು.

ಹಾಲಪ್ಪನವರು ಓಡಿಬಂದು ನಾಡಿ ಹಿಡಿದರು. ಮೂಗಿಗೆ ವಾಸನೆ ಬಡಿಯಿತು.

"ಇದನ್ನ ಯಾರು ಕುಡಿಸಿದ್ದು?"

"ನಾನೇ. ಕುಡಿದ ಮೇಲೆ ತಣ್ಣಗಾಗಿದ್ಲಲ್ಲ?" ಎಂದರು ಮಾವ.

"ಎಲ್ಲಿ ತಣ್ಣಗಾತು ಮಾರಾಯ? ಅಮಲು ನಡುಕ ಮುಚ್ಚಿತ್ತು ಅಷ್ಟೆ. ಒಳಗೆ ಎದೆ ಓಡ್ತಾನೇ ಐತೆ."

ಮಧ್ಯಾಹ್ನದವರೆಗೂ ಅವರು ಆ ಕೈ ಬಿಡಲಿಲ್ಲ. ನಾಡಿ ಹದಕ್ಕೆ ಬಂದ ಮೇಲೆ, ಮಾವನಿಗಲ್ಲ, ಅತ್ತೆಗೇ ಹೇಳಿದರು: "ತಪ್ಪು ನಂದವ್ವ. ಬಾಟಲಿ ಒಯ್ಯೋರ ಬಾಯಿ ಮೂಸಿದೆ, ಕುಡಿಯೋರು ಯಾರು ಅಂತ ಕೇಳಲಿಲ್ಲ. ಡಾಕ್ಟರ ಪುಸ್ತಕದಾಗೂ ಗಂಡಸರ ಅಳತೆನೇ ಐತೆ. ಹೆಣ್ಣಿನ ಮೈಯಾಗೆ ಇದು ಹೆಂಗೆ ನಡಿತೈತೆ ಅಂತ ನೀವೇ ಬಂದು ಹೇಳಬೇಕು. ಹೊರಗಾದ ದಿನ ಬೇರೆ ಥರ ಆದ್ರೆ ಅದನ್ನೂ ಹೇಳ್ರಿ, ನಾಚ್ಕಾಬ್ಯಾಡ್ರಿ."

ಮುಂದೆ ಅತ್ತೆಯೇ ಹೋಗತೊಡಗಿದಳು. ಓಣಿಯವರು ಆಡಿಕೊಂಡರು, ಮಾವ ಒಂದಷ್ಟು ದಿನ ಮುಖ ಊದಿಸಿಕೊಂಡಿದ್ದರು.

ಎರಡು ವರ್ಷದ ಮೇಲೆ ಹಾಲಪ್ಪನವರಿಗೆ ಜಗಳೂರಿಗೆ ವರ್ಗವಾಯಿತು. ಮತ್ತೆ ಅವರನ್ನು ನಾವ್ಯಾರೂ ನೋಡಲಿಲ್ಲ. ಅವರ ಜಾಗಕ್ಕೆ ಬಂದ ಹೊಸ ಕಾಂಪೌಂಡರು ಅತ್ತೆಯನ್ನು ಕಂಡು, "ಯಜಮಾನ್ರನ್ನ ಕಳಿಸಮ್ಮ, ಅವರಿಗೆ ಹೇಳ್ತೀನಿ" ಎಂದರಂತೆ.

ಅತ್ತೆ ಬೆಂಚಿನ ಮೇಲೆ ಕೂತು ಕೈ ಚಾಚಿದಳು.

"ಕುಡಿಯೋಳು ನಾನು. ನಾಡಿ ನೋಡಿ ಆಮೇಲೆ ಗೆರೆ ಹಾಕಪ್ಪ."