ಮಗನ ಲಂಗೋಟಿಗೆ ಸಲ್ಲದ ಸೀರೆ

ಆ ಮಾತನ್ನು ಮೊದಲು ಆಡಿದವರು ಯಾರು ಎಂಬುದು ನನಗೆ ಈಗಲೂ ಖಚಿತವಿಲ್ಲ. ದೊಡ್ಡವ್ವ ಆಡಿದಳೆಂದೇ ಬಹಳ ವರ್ಷ ನಂಬಿದ್ದೆ, ನಂಬಿ ಅವಳ ಮೇಲೆ ಸಿಟ್ಟನ್ನೂ ಇಟ್ಟುಕೊಂಡಿದ್ದೆ. ನನ್ನ ಹೆಂಡತಿ ಹೇಳುವುದೇ ಬೇರೆ. ಅವಳ ಪ್ರಕಾರ ಆಡಿದ್ದು ನನ್ನ ಅವ್ವ. ಸಾಕ್ಷಿಯಿಲ್ಲದ ಯಾವುದನ್ನೂ ಒಪ್ಪಬಾರದೆಂದು ಹೈದರಾಬಾದಿನಲ್ಲಿ ಓದಿ ಕಲಿತು ಬಂದವನು ನಾನು. ನನ್ನ ನೆನಪಿಗೇ ಸಾಕ್ಷಿಯಿಲ್ಲ.

ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳವು. ಯಲಬುರ್ಗಾದ ಮನೆಯಲ್ಲಿ ದೊಡ್ಡಪ್ಪ, ದೊಡ್ಡವ್ವ, ಅಪ್ಪ ತೀರಿಕೊಂಡ ಮೇಲೆ ಬಿಳಿ ಸೀರೆ ಉಡುತ್ತಿದ್ದ ನನ್ನ ಅವ್ವ, ನಾನು, ಹೆಂಡತಿ, ವರ್ಷ ದಾಟಿದ ನಮ್ಮ ಮಗ. ಅವನು ಬೆಳೆಯುತ್ತಿದ್ದ ರೀತಿ ಮನೆಗೆ ಖುಷಿಯೂ ಹೌದು, ಪೇಚಾಟವೂ ಹೌದು. ಯುಗಾದಿಯ ಹೊತ್ತಿಗೆ ಅವನ ಸೊಂಟಕ್ಕೆ ಎರಡು ಸುತ್ತು ಬರುತ್ತಿದ್ದ ಬಟ್ಟೆ ಶ್ರಾವಣದಲ್ಲಿ ಗಂಟು ಹಾಕಲಿಕ್ಕೂ ಸಾಲುತ್ತಿರಲಿಲ್ಲ. ಬೇರೆಯವರ ಕೂಸಾಗಿದ್ದರೆ ಬರಿಮೈಯಲ್ಲಿ ಓಡಾಡಿಕೊಂಡಿರುತ್ತಿತ್ತು. ನಮ್ಮ ಪಡಸಾಲೆಯಲ್ಲಿ ಜೋಳದ ಚೀಲಗಳಿದ್ದವು, ವ್ಯಾಪಾರಕ್ಕೆ ಬಂದವರು ಕೂಡುತ್ತಿದ್ದರು. ಲಂಗೋಟಿಯಿಲ್ಲದ ಕೂಸು ಅಲ್ಲಿಗೆ ಬರಕೂಡದೆಂದು ದೊಡ್ಡಪ್ಪನ ಹುಕುಂ.

ಮಗ ಹುಟ್ಟಿದಾಗ ದೊಡ್ಡವ್ವ ತನ್ನ ಹಳೆಯ ಇಳಕಲ್ ಸೀರೆಯನ್ನು ಹರಿದು ಕೊಟ್ಟಿದ್ದಳು. ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ, ಮುತ್ತೈದೆ ಉಟ್ಟು ಹಳೆಯದಾದದ್ದನ್ನೇ ಹಾಕಬೇಕು. ಹಳೆಯ ಹತ್ತಿ ಮೆತ್ತಗಿರುತ್ತದೆ, ನೀರು ಹೀರುತ್ತದೆ. ಆದ್ದರಿಂದ ಅಷ್ಟರ ಮಟ್ಟಿಗೆ ನನ್ನ ತಕರಾರಿರಲಿಲ್ಲ. ಆದರೆ ಆ ತುಂಡುಗಳು ಒಗೆದು ಒಗೆದು ಜಾಳಾದವು, ಚಿಕ್ಕವೂ ಆದವು. ಬೇರೆ ಹಳೆಯ ಬಟ್ಟೆ ತರುವುದೆಲ್ಲಿಂದ? ಬಟ್ಟೆಗೆ ಬರ ಬಂದಿದ್ದ ಕಾಲ. ಹೆಂಡತಿಯ ಒಂದು ಸೀರೆ ಮೈಮೇಲಿದ್ದರೆ ಇನ್ನೊಂದು ಹಗ್ಗದ ಮೇಲೆ. ದೊಡ್ಡಪ್ಪನ ಧೋತರ ಹರಿದರೆ ಅದಕ್ಕೇ ತೇಪೆ ಬೀಳುತ್ತಿತ್ತು.

ನಾನು ಕೊಪ್ಪಳಕ್ಕೆ ಹೋಗಿ ಬಿಸಿಲಿನಲ್ಲಿ ಸಾಲು ನಿಂತು, ಸರಕಾರ ಅಳೆದು ಕೊಡುತ್ತಿದ್ದ ಕಂಟ್ರೋಲ್ ಬಟ್ಟೆ ತಂದೆ. ಗಂಜಿ ಹಿಡಿದ ಮಾದರಪಾಟವೆಂಬ ಒರಟು ಬಟ್ಟೆ, ಮಡಚಿದರೆ ರಟ್ಟಿನಂತೆ ನಿಲ್ಲುತ್ತಿತ್ತು.

“ಯಾರಿಗ್ರಿ ಇದು?” ಎಂದು ಸಾಲಿನಲ್ಲಿ ಹಿಂದೆ ನಿಂತವನು ಕೇಳಿದ.

“ಕೂಸಿನ ಲಂಗೋಟಿಗೆ.”

“ಚೀಲಾ ಹೊಲ್ಸಿ ಕೂಸನ್ನ ಅದರಾಗ ಇಟ್ಟಬಿಡ್ರಿ. ಛಲೋ ತಾಳತೈತಿ.”

ಸಾಲಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆ ಬಟ್ಟೆ ಅಗಲವಾಗಿತ್ತು, ಮಗನಿಗೆ ಸಾಲುತ್ತಿತ್ತು, ಅಷ್ಟೇ. ಹನಿ ನೀರನ್ನೂ ಹೀರುತ್ತಿರಲಿಲ್ಲ. ಅಂಚು ತಿಕ್ಕಿ ತಿಕ್ಕಿ ಕೂಸಿನ ತೊಡೆಸಂದಿ ಕೆಂಪಾಗಿ, ಕೊನೆಗೆ ಹಸಿ ಗಾಯವಾಯಿತು. ಬಿಚ್ಚಲು ಕೈ ಹಾಕಿದರೆ ಸಾಕು, ಚೀರುತ್ತಿದ್ದ.

ಆಗ ಅವ್ವ ತನ್ನ ಹಳೆಯ ಬಿಳಿ ಸೀರೆ ತಂದಳು. ಬೆಣ್ಣೆಯ ಹಾಗಿದ್ದ ಸೀರೆ. ಒಲೆಯ ಕಿಡಿ ಬಿದ್ದು ತೂತಾದ ಕಡೆ, ನಾನು ಚಿಕ್ಕವನಿದ್ದಾಗ ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ನೀಲಿ ಗೆರೆಯ ಅಂಗಿಯ ತುಂಡು ಹಚ್ಚಿ ಹೊಲಿದಿದ್ದಳು. ಅದನ್ನು ಹರಿದರೆ ಮಗ ಎಷ್ಟೇ ಬೆಳೆದರೂ ಸಾಲುವಷ್ಟು ಬಟ್ಟೆ. ನನ್ನ ನೆನಪಿನಲ್ಲಿ ದೊಡ್ಡವ್ವ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಾಳೆ.

“ಅದು ಬ್ಯಾಡ. ಬಿಳಿ ಸೀರಿ ಕೂಸಿನ ಮೈಗೆ ಹತ್ತಬಾರದು.”

“ಅವ್ವನ ಕೈ ದಿನಾ ಅವನಿಗೆ ನೀರ ಎರಿತೈತಿ, ಉಣಸತೈತಿ,” ಎಂದೆ. “ಕೈ ಹತ್ತಬಹುದು, ಸೀರಿ ಹತ್ತಬಾರದೇನು?”

“ನೀ ಕಲ್ತಾಂವಪಾ. ನಾಳಿ ಕೂಸಿಗೆ ಏನರ ಆದ್ರ ನಿನ್ನ ಬುಕ್ಕು ಬರ್ತಾವೇನು?”

“ಈಗ ಆಗೇತಲ್ಲ. ತೊಡಿ ನೋಡು.”

ನಾನು ಇನ್ನೂ ಏನೇನೋ ಕೂಗಾಡಿದೆ. ಅವ್ವ, “ಬಿಡಪಾ, ನಾನ ತಿಳೀದ ತಂದೆ,” ಎಂದು ಸೀರೆ ಮಡಚಿ ಒಳಗೆ ಒಯ್ದಳು. ಆ ಮಡಚಿದ ರೀತಿಯನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹೆತ್ತು, ಸಾಕಿ, ಮೊಮ್ಮಗನ ಹೇಲುಚ್ಚೆ ಬಳಿಯುವವರೆಗೂ ಬೇಕಾದ ಹೆಂಗಸು. ಅವಳು ಉಟ್ಟು ಬಿಟ್ಟ ಹತ್ತಿಯ ನೂಲು ಮಾತ್ರ ಅಪಶಕುನ.

ಇದನ್ನೇ ಹೇಳುತ್ತಿದ್ದಾಗ ಒಮ್ಮೆ ಹೆಂಡತಿ ತಡೆದಳು. “ದೊಡ್ಡತ್ತಿ ಅವಾಗ ಬಾಯಿನ ತಗದಿರಲಿಲ್ರಿ. ಅತ್ತಿ ತಾವ ಸೀರಿ ನನ್ನ ಕೈಯಾಗ ಕೊಟ್ರು, ತಾವ ಹೊಳ್ಳಿ ಇಸ್ಕೊಂಡ್ರು. ‘ಬ್ಯಾಡವಾ, ಇದು ನಂದು, ಕೂಸಿನ ಮೈಗೆ ಹತ್ತಬಾರದು’ ಅಂದ್ರು. ನೀವು ಒದರಾಡಿದ್ದು ಆಮ್ಯಾಲೆ.”

ಅದು ನಿಜವಾಗಿದ್ದರೆ ನನ್ನ ಸಿಟ್ಟು ಇನ್ನೂ ಹೆಚ್ಚಬೇಕು. ಅವಳನ್ನು ತಡೆಯಲು ಯಾರೂ ಹೊಸ್ತಿಲಲ್ಲಿ ನಿಲ್ಲಬೇಕಾಗಿರಲಿಲ್ಲ ಎಂದಾಯಿತು. ದೊಡ್ಡವ್ವನಾದರೆ ಎದುರಿಗೆ ನಿಂತು ಜಗಳಾಡಬಹುದು. ಅವ್ವನ ಬಾಯೊಳಗೇ ಕೂತ ಮಾತಿನ ಜೊತೆ ಯಾರು ಜಗಳಾಡಬೇಕು?

ಆಮೇಲೆ ಅವ್ವ ನಾನು ತಂದ ಮಾದರಪಾಟವನ್ನೇ ಬೂದಿನೀರಿನಲ್ಲಿ ನೆನೆಹಾಕಿ, ಕಲ್ಲಿಗೆ ಬಡಿದು ಗಂಜಿ ಬಿಡಿಸಿದಳು. ಅಂಗಳದಲ್ಲಿ ಕೂತು, ಕೌದಿ ಹೊಲಿದಂತೆ ಪದರ ಪದರವಾಗಿ, ಸಾಲು ಟಾಕು ಹಾಕಿ ದಪ್ಪ ಲಂಗೋಟಿಗಳನ್ನು ಹೊಲಿದಳು. ಬದಿಗೆ ಮಡಿಕೆ ಬಿಟ್ಟಿದ್ದಳು. ಮಗ ಬೆಳೆದಂತೆ ದಾರ ಬಿಚ್ಚಿ ಅಗಲ ಮಾಡುವಳು. ಆ ಬಿಚ್ಚುವ ಕೆಲಸವನ್ನು ನನ್ನ ಹೆಂಡತಿಗೂ ಕೊಡುತ್ತಿರಲಿಲ್ಲ. ಗಾಯ ಮಾಯಿತು. ಕೂಸು ಪಡಸಾಲೆಯಲ್ಲಿ ದುಡುದುಡು ಓಡತೊಡಗಿತು.

“ನೋಡು, ಹೊಸಾದೂ ಒಗದ್ರ ಮೆತ್ತಗ ಆಗತೈತಿ,” ಎಂದಳು ದೊಡ್ಡವ್ವ. “ಸುಮ್ನ ಮನಿ ಹಾರಿಹೋಗೂ ಹಂಗ ಒದರಾಡಿದಿ.”

ಚಪ್ಪಲಿ ಮೆಟ್ಟಿಕೊಂಡು ಕಚೇರಿಯ ಕೆಲಸಕ್ಕೆ ಹೊರಟೆ. ಬೂದಿನೀರಿನ ಗುಣವೆಂದೇ ನಾನೂ ತಿಳಿದಿದ್ದೆ. ಆ ಬಿಳಿ ಸೀರೆ ಮತ್ತೆ ಅವ್ವನ ಮೈಮೇಲೆ ಕಂಡಿತ್ತೇ? ಗಮನಿಸಲಿಲ್ಲ.

ಮಗನಿಗೆ ಬೇಡವಾದ ಮೇಲೆ ಆ ಲಂಗೋಟಿಗಳು ಇದ್ದ ಹಾಗೆಯೇ ಒಂದು ಕೌದಿಯೊಳಗೆ ಸೇರಿದವು. ಅವ್ವನೂ ದೊಡ್ಡವ್ವನೂ ಹೋಗಿ ಎಷ್ಟೋ ವರ್ಷಗಳ ಮೇಲೆ, ಆ ಕೌದಿಯ ಮೂಲೆ ಹರಿದು ಲಂಗೋಟಿಯ ಅಂಚು ಹೊರಗೆ ಬಂದಿತ್ತು. ಬ್ಲೇಡು ತೆಗೆದುಕೊಂಡು ಅಂಗಳದ ಬೆಳಕಿಗೆ ಹೋಗಿ ಕೂತೆ.

“ಇದ್ದದ್ದೊಂದು ಕೌದಿ ಹಾಳ ಮಾಡತೀರೇನ್ರಿ?” ಎಂದಳು ಹೆಂಡತಿ, ಆದರೆ ಇನ್ನೊಂದು ತುದಿಯನ್ನು ಹಿಡಿದುಕೊಂಡಳು.

ಲಂಗೋಟಿಯ ಹೊಲಿಗೆ ಬಿಚ್ಚಿದರೆ ಮೇಲೊಂದು ಮಾದರಪಾಟ, ಕೆಳಗೊಂದು ಮಾದರಪಾಟ. ನಡುವೆ, ಯಾವ ಬದಿಯಿಂದಲೂ ಕೂಸಿನ ಮೈಗೆ ತಾಗದಂತೆ, ನಾಲ್ಕು ಮಡಿಕೆ ಬಿಳಿ ಸೀರೆ. ಅದರ ಮೇಲೆ ನನ್ನ ಅಂಗಿಯ ನೀಲಿ ಗೆರೆಯ ತೇಪೆ ಇತ್ತು.